ನೆರೆಯ ಮಟ್ಟ, ಮನೆಯ ಪಂಚಾಂಗ

ಆಟಿ ತಿಂಗಳಲ್ಲಿ ಜಡಿಮಳೆ ಎರಡು ದಿನ ಬಿಡದೆ ಹೊಯ್ದರೆ ಬಂಟ್ವಾಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಅಂಕಿ: ಎಂಟೂವರೆ ಮೀಟರ್. ನೇತ್ರಾವತಿಗೆ ಇಲ್ಲಿ ಗೊತ್ತುಮಾಡಿರುವ ಅಪಾಯದ ಮಟ್ಟ ಅದು. ನದಿ ಅದನ್ನು ಮುಟ್ಟಿತೆಂದರೆ ಟಿ.ವಿ.ಯಲ್ಲಿ ಸುದ್ದಿ, ಮೊಬೈಲಿನಲ್ಲಿ ವಿಡಿಯೊ, ಸೇತುವೆಯ ಮೇಲೆ ನೋಡುವವರ ಸಾಲು. ಆದರೆ ಈ ಅಂಕಿ ನದಿಯ ಬಗ್ಗೆ ಹೇಳುತ್ತದೆಯೇ ಹೊರತು ಮನೆಗಳ ಬಗ್ಗೆ ಅಲ್ಲ. ಆಲಡ್ಕದ ಒಂದು ಮನೆಯ ಹಟ್ಟಿಗೆ ನೀರು ಬರುವುದು ಎಷ್ಟು ಮೀಟರಿಗೆ, ಬಡ್ಡಕಟ್ಟೆಯ ಅಂಗಡಿಯ ಮೆಟ್ಟಿಲಿಗೆ ಎಷ್ಟಕ್ಕೆ, ಜಕ್ರಿಬೆಟ್ಟಿನ ತೋಟದ ಪಂಪುಶೆಡ್ಡಿಗೆ ಎಷ್ಟಕ್ಕೆ ಎಂಬುದು ಯಾವ ಕಚೇರಿಯ ಗೋಡೆಯಲ್ಲೂ ಬರೆದಿಲ್ಲ. ಅಲ್ಲಲ್ಲಿ ಹಿರಿಯರಿಗೆ ನೆನಪಿದೆ. ಅವರೊಂದಿಗೆ ಅದೂ ಹೋಗುತ್ತದೆ. ಈ ಸೀಮೆಯಲ್ಲಿ ಮನೆಗಳನ್ನು ನೆರೆಯಿಂದ ಕಾಪಾಡುವ ಪ್ರಶ್ನೆ ಗೋಡೆ ಕಟ್ಟುವುದರಲ್ಲಾಗಲಿ ದೋಣಿ ತರಿಸುವುದರಲ್ಲಾಗಲಿ ಶುರುವಾಗುವುದಿಲ್ಲ. ನದಿಯ ಮಟ್ಟಕ್ಕೂ ಮನೆಯ ಪಂಚಾಂಗದ, ಅಂದರೆ ಗೋಡೆ ಏಳುವ ಬುಡದ ಕಟ್ಟೆಯ, ಎತ್ತರಕ್ಕೂ ಇರುವ ಲೆಕ್ಕವನ್ನು ಮಳೆಗಾಲಕ್ಕೆ ಮೊದಲೇ ಊರು ಮಾಡಿಟ್ಟುಕೊಳ್ಳುವುದರಲ್ಲಿ ಶುರುವಾಗುತ್ತದೆ. ಉಳಿದ ಸಿದ್ಧತೆಯೆಲ್ಲ ಆ ಲೆಕ್ಕದ ಮೇಲೆ ನಿಲ್ಲಬೇಕು.

ಇಲ್ಲಿನ ನೆರೆ ಅಚ್ಚರಿಯ ಅತಿಥಿಯಲ್ಲ. 1923ರ ನೆರೆಯನ್ನು ತುಳುವರು ಮಾರಿಬೊಳ್ಳ ಎಂದೇ ಕರೆದರು. ಮೂರು ತಲೆಮಾರು ದಾಟಿದರೂ ಆ ಹೆಸರು ಉಳಿದಿದೆ. ಆಮೇಲೆ 1974, ಆಮೇಲೆ 2019, ಮತ್ತೆ 2024. ನಡುನಡುವೆ ಸಣ್ಣಪುಟ್ಟವು ಲೆಕ್ಕಕ್ಕಿಲ್ಲ. ಈ ನಾಲ್ಕೂ ಬಂದದ್ದು ಜುಲೈ ಕೊನೆಯ ಮತ್ತು ಆಗಸ್ಟ್ ಮೊದಲ ಭಾಗದ ಆಸುಪಾಸಿನಲ್ಲಿ. ಕಾರಣ ಸರಳ. ಜೂನಿನ ಮಳೆ ಎಷ್ಟೇ ಜೋರಾಗಿ ಬಂದರೂ ಒಣಗಿದ ಮುರಕಲ್ಲಿನ ನೆಲ, ಗದ್ದೆ, ಕೆರೆ, ಮದಕಗಳು ಒಂದಷ್ಟು ಕುಡಿಯುತ್ತವೆ. ಆರು ವಾರ ಕಳೆಯುವಷ್ಟರಲ್ಲಿ ನೆಲದ ಹೊಟ್ಟೆ ತುಂಬಿರುತ್ತದೆ. ಆಗ ಘಟ್ಟದ ಮೇಲೆ ಬಿದ್ದದ್ದೆಲ್ಲ ನೇರ ಹೊಳೆಗೆ. ಕುದುರೆಮುಖದ ಸಾಲಿನಲ್ಲಿ ಹುಟ್ಟುವ ನೇತ್ರಾವತಿಗೆ ಚಾರ್ಮಾಡಿಯಿಂದ ಮೃತ್ಯುಂಜಯ, ನೆರಿಯದಿಂದ ನೆರಿಯ ಹೊಳೆ, ಬೆಳ್ತಂಗಡಿಯ ಸೋಮಾವತಿ, ಶಿಶಿಲದ ಕಪಿಲಾ ಸೇರಿ, ಉಪ್ಪಿನಂಗಡಿಯಲ್ಲಿ ಗುಂಡ್ಯ ಹೊಳೆಯ ನೀರನ್ನೂ ಹೊತ್ತ ಕುಮಾರಧಾರೆ ಕೂಡುತ್ತದೆ. ನೂರು ಕಿಲೋಮೀಟರಿಗಿಂತ ಸ್ವಲ್ಪವೇ ಉದ್ದದ ನದಿ ಇದು. ಸಾವಿರ ಮೀಟರಿಗೂ ಮೀರಿದ ಎತ್ತರದಿಂದ ಇಳಿದು ಅಷ್ಟರಲ್ಲೇ ಸಮುದ್ರ ಸೇರಿಬಿಡುತ್ತದೆ. ಗಂಗೆ, ಬ್ರಹ್ಮಪುತ್ರಗಳ ಹಾಗೆ ವಾರಗಟ್ಟಲೆ ನಿಲ್ಲುವ ನೆರೆ ಇದಲ್ಲ. ಬೇಗ ಬರುತ್ತದೆ, ಬೇಗ ಇಳಿಯುತ್ತದೆ; ಕೈಯಲ್ಲಿ ಇರುವುದು ಕೆಲವೇ ಗಂಟೆ. ಕೆಲವು ಗಂಟೆಯಲ್ಲಿ ಏನು ಮಾಡಬೇಕೆಂಬುದನ್ನು ಆ ಗಂಟೆಯಲ್ಲೇ ಕೂತು ಯೋಚಿಸಲು ಆಗುವುದಿಲ್ಲ.

ಎಲ್ಲರೂ ಒಂದೇ ನೆರೆ ಎಂದು ಮಾತಾಡುತ್ತೇವೆ, ಆದರೆ ಬೆಳ್ತಂಗಡಿಯ ನೆರೆ ಬೇರೆ, ಬಂಟ್ವಾಳದ್ದು ಬೇರೆ. 2019ರ ಆಗಸ್ಟ್ 9ರಂದು ಮಿತ್ತಬಾಗಿಲು, ಮಲವಂತಿಗೆ, ಚಾರ್ಮಾಡಿ ಭಾಗಗಳಲ್ಲಿ ಏರಿದ್ದು ನೀರು ಮಾತ್ರವಲ್ಲ. ಘಟ್ಟದ ಮೈ ಅಲ್ಲಲ್ಲಿ ಜರಿದು ಮಣ್ಣು, ಬಂಡೆ, ಬುಡಸಮೇತ ಕಿತ್ತ ಮರಗಳು ಹೊಳೆಯ ಜೊತೆ ಇಳಿದವು. ಸೇತುವೆಯ ಕಂಬಗಳಿಗೆ, ಕಿಂಡಿ ಅಣೆಕಟ್ಟುಗಳ ಬಾಯಿಗೆ ದಿಮ್ಮಿಗಳು ಸಿಕ್ಕಿಕೊಂಡಲ್ಲಿ ಹೊಳೆ ದಾರಿ ಬದಲಿಸಿ ತೋಟಕ್ಕೆ ನುಗ್ಗಿತು. ಚಾರ್ಮಾಡಿಯ ಕೊಳಂಬೆಯಲ್ಲಿ ಮನೆಗಳು ಹೋದವು. ಗದ್ದೆ ತೋಟಗಳ ಮೇಲೆ ಮರಳು ಹಾಸಿಕೊಂಡಿತು. ಘಾಟಿ ರಸ್ತೆ ತಿಂಗಳುಗಟ್ಟಲೆ ಸರಿಯಾಗಲಿಲ್ಲ. ಇಂಥ ನೆರೆಗೆ ಮೀಟರಿನ ಲೆಕ್ಕ ಸಾಲದು. ಇಲ್ಲಿ ನೋಡಬೇಕಾದದ್ದು ಹೊಳೆಯ ಬಣ್ಣ ಮತ್ತು ಸದ್ದು: ನೀರು ಇದ್ದಕ್ಕಿದ್ದಂತೆ ಕೆಂಪೇರಿತೇ, ಮರಮಟ್ಟು ತೇಲಿಬರುತ್ತಿದೆಯೇ, ಅಥವಾ ಜೋರು ಮಳೆಯ ನಡುವೆಯೇ ತೋಡಿನ ನೀರು ತಟ್ಟನೆ ಇಳಿಯಿತೇ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಮೇಲೆಲ್ಲೋ ಜರಿದ ಗುಡ್ಡ ನೀರನ್ನು ಕಟ್ಟಿಹಾಕಿರಬಹುದು. ಘಟ್ಟದ ಬುಡದವರು ಸಾಮಾನು ಎತ್ತಿಡಲು ನಿಲ್ಲಬಾರದು; ದನಗಳ ಹಗ್ಗ ಬಿಚ್ಚಿ ಏರುಜಾಗಕ್ಕೆ ಹೋಗಬೇಕು. ಆ ಏರುಜಾಗ ಯಾವುದು, ಕತ್ತಲಲ್ಲಿ ದಾರಿ ಎಲ್ಲಿ, ನಡುವೆ ಕಾಲುಸಂಕ ದಾಟಬೇಕೇ ಎಂಬುದು ಮೇ ತಿಂಗಳಲ್ಲೇ ತೀರ್ಮಾನವಾಗಿರಬೇಕು. ಕಾಲುಸಂಕ ದಾಟಿ ಹೋಗಬೇಕಾದ ಶಾಲೆಯನ್ನು ಕಾಳಜಿ ಕೇಂದ್ರವೆಂದು ಗುರುತಿಸುವುದು ಕಾಗದದ ಸಿದ್ಧತೆಯಷ್ಟೇ.

ಬಂಟ್ವಾಳ ಪೇಟೆಯ ಕತೆ ಇದಕ್ಕೆ ತದ್ವಿರುದ್ಧ. ಘಟ್ಟದ ನೀರು ಇಲ್ಲಿಗೆ ತಲುಪುವ ಹೊತ್ತಿಗೆ ಅಗಲವಾಗಿ, ಭಾರವಾಗಿ, ಸದ್ದಿಲ್ಲದೆ ಏರುತ್ತದೆ. ಇಲ್ಲಿ ಸಮಯ ಸಿಗುತ್ತದೆ, ಮತ್ತು ಸಮಯ ಸಿಗುವುದರಿಂದಲೇ ಜನ ಅದನ್ನು ಕಳೆಯುತ್ತಾರೆ. ಪೇಟೆ ಹೊಳೆಯ ದಡಕ್ಕೆ ಇಷ್ಟು ಹತ್ತಿರ ಕೂತದ್ದು ಯಾರ ಮೂರ್ಖತನದಿಂದಲೂ ಅಲ್ಲ. ಸರಕೆಲ್ಲ ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿದ್ದ ಕಾಲದಲ್ಲಿ ನದಿಯೇ ಹೆದ್ದಾರಿ. ಅಂಗಡಿ ದಡದಲ್ಲಿರದೆ ಮತ್ತೆಲ್ಲಿರಬೇಕು? ರಸ್ತೆ ಬಲವಾದ ಮೇಲೆ ವ್ಯಾಪಾರ ಬಿ.ಸಿ. ರೋಡಿಗೆ ಏರಿತು, ಹಳೆಯ ಪೇಟೆ ಹಾಗೇ ಉಳಿಯಿತು. ವ್ಯಾಪಾರದ ಲಾಭ ಮೇಲಕ್ಕೆ ಹೋಗಿ ನೆರೆಯ ನಷ್ಟ ಕೆಳಗೆ ಉಳಿದದ್ದು ಬಂಟ್ವಾಳದ ಇತಿಹಾಸದ ಕಹಿ ಸತ್ಯ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಎರಡೂ ನದಿಗಳು ಉಕ್ಕಿ ಒಂದಾದಾಗ ಸಂಗಮದ ಪೂಜೆ ನಡೆಯುತ್ತದೆ. ಅಲ್ಲಿ ಭಕ್ತಿಯಿಂದ ಕೈಮುಗಿಯುವ ಹೊತ್ತೇ ಕೆಳಗಿನ ಬಂಟ್ವಾಳಕ್ಕೆ ಎಲ್ಲಕ್ಕಿಂತ ಖಚಿತವಾದ ಮುನ್ಸೂಚನೆ ಕೂಡ. ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಬಂಟ್ವಾಳದಲ್ಲಿದೆ, ಉಪ್ಪಿನಂಗಡಿಯ ಮಟ್ಟವೂ ದಿನಾ ಪ್ರಕಟವಾಗುತ್ತದೆ. ಎರಡನ್ನೂ ಜೋಡಿಸಿ, ಮೇಲೆ ಇಷ್ಟಾದರೆ ಇಷ್ಟು ಗಂಟೆಯಲ್ಲಿ ನಿಮ್ಮ ಓಣಿಗೆ ಇಷ್ಟು ಎಂದು ಹೇಳುವ ಒಂದು ಪಟ್ಟಿ ಮಾತ್ರ ಜನರ ಕೈಯಲ್ಲಿಲ್ಲ. ವಿಜ್ಞಾನಿಗಳನ್ನು ಕರೆಸಿ ಮಾಡಬೇಕಾದ ಕೆಲಸವೂ ಅಲ್ಲ ಇದು. 2019ರ ನೀರು ಎಲ್ಲೆಲ್ಲಿಗೆ ಬಂದಿತ್ತೆಂದು ತೋರಿಸಬಲ್ಲವರು ಓಣಿ ಓಣಿಯಲ್ಲಿದ್ದಾರೆ.

ಇನ್ನು ದೊಡ್ಡ ನದಿಯ ಹೆಸರಿಲ್ಲದ ಊರುಗಳು. ವಿಟ್ಲದಾಚೆ ಕನ್ಯಾನ, ಕರೋಪಾಡಿ ಕಡೆ ನೇತ್ರಾವತಿಯ ಎಂಟೂವರೆ ಮೀಟರಿಗೆ ಯಾವ ಅರ್ಥವೂ ಇಲ್ಲ. ಬಂಟ್ವಾಳ ತಾಲ್ಲೂಕಿನದೇ ವೀರಕಂಬದ ಗುಡ್ಡಗಳಲ್ಲಿ ಹುಟ್ಟುವ ಉಪ್ಪಳ ಹೊಳೆ ಗಡಿ ದಾಟಿ ಕಾಸರಗೋಡಿನ ಕಡಲಿಗೆ ಹೋಗುತ್ತದೆ. ತೋಡಿಗೆ ಗಡಿ ಗೊತ್ತಿಲ್ಲದಿದ್ದರೂ ಎರಡು ರಾಜ್ಯಗಳ ಕಂದಾಯ ಕಚೇರಿಗಳಿಗೆ ಚೆನ್ನಾಗಿ ಗೊತ್ತಿದೆ. ಮೂಡುಬಿದಿರೆಯ ದಕ್ಷಿಣಕ್ಕೆ ಫಲ್ಗುಣಿ. ವೇಣೂರು, ಪೊಳಲಿ, ಗುರುಪುರ ದಾಟಿ ಮಂಗಳೂರಿನ ಅಳಿವೆಗೆ. ಈ ನದಿಯ ಮೂಲರಪಟ್ನ ಸೇತುವೆ 2018ರ ಜೂನಿನಲ್ಲಿ ಕುಸಿದುಬಿದ್ದಾಗ ಎರಡೂ ದಡದವರು ಸುತ್ತುಬಳಸಿ ಓಡಾಡಬೇಕಾಯಿತು. ಬುಡದ ಮರಳು ತೆಗೆದದ್ದೇ ಕಾರಣ ಎಂದು ಊರವರು ದೂರಿದರು. ಸಣ್ಣ ಹೊಳೆಗಳ ಈ ಊರುಗಳಲ್ಲಿ ನಷ್ಟ ಸುದ್ದಿಯಾಗುವಷ್ಟು ದೊಡ್ಡದಲ್ಲ. ವರ್ಷಕ್ಕೆ ನಾಲ್ಕು ಮನೆ, ಒಂದು ಬಾವಿ, ಒಂದಿಷ್ಟು ಕಂಗು. ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಮಟ್ಟ ಮಾಡಿದ ಮನೆಜಾಗಗಳಲ್ಲಿ ಹಿಂದಿನ ಬರೆ ಜರಿದು ಅಡುಗೆಮನೆಗೆ ಬರುವುದೇ ಹೆಚ್ಚು. ಇಲ್ಲಿ ಅಳತೆ ಕೇಂದ್ರ ಬರುವ ನಿರೀಕ್ಷೆ ಬೇಡ. ಸೇತುವೆಯ ಕಂಬಕ್ಕೆ ಅಡಿ ಲೆಕ್ಕದಲ್ಲಿ ಬಣ್ಣದ ಗೆರೆ ಎಳೆದು, ಮಳೆ ಅಳೆಯುವ ಒಂದು ಮಾಪಕವನ್ನು ಶಾಲೆಯಲ್ಲೋ ಹಾಲಿನ ಸೊಸೈಟಿಯಲ್ಲೋ ಇಟ್ಟರೆ ಎರಡು ಮಳೆಗಾಲದಲ್ಲಿ ಊರಿಗೆ ತನ್ನದೇ ಲೆಕ್ಕ ಸಿಗುತ್ತದೆ.

ಈ ಲೆಕ್ಕದಿಂದ ಮನೆ ಉಳಿಯುವುದು ಹೇಗೆ ಎಂದು ಕೇಳಬಹುದು. ಮನೆ ಹಾಳಾಗುವ ರೀತಿಯನ್ನು ನೋಡಿದರೆ ಉತ್ತರ ಅಲ್ಲೇ ಇದೆ. ಮಣ್ಣಿನ ಗೋಡೆಯ ಹಂಚಿನ ಮನೆ ನೀರಿನಲ್ಲಿ ನಿಂತಿರುವಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದುಂಟು. ನೆನೆದ ಬುಡ ಮಾಡಿನ ಭಾರ ತಾಳುವುದಿಲ್ಲ. ಆದ್ದರಿಂದ ನೀರು ಇಳಿಯಿತೆಂದು ಒಳಗೆ ಓಡಿ ಗುಡಿಸಲು ಶುರುಮಾಡುವುದು ಅಪಾಯ, ಮತ್ತು ಬುಡದ ಮೂರು ಅಡಿಯನ್ನಾದರೂ ಸಿಮೆಂಟು ಗಾರೆಯ ಮುರಕಲ್ಲಿನಲ್ಲಿ ಕಟ್ಟಿಕೊಳ್ಳುವುದು ಮನೆಯನ್ನೇ ಉಳಿಸುವ ಖರ್ಚು. ತನ್ನ ಜಾಗಕ್ಕೆ ಹಿಂದೆ ಎಷ್ಟು ಎತ್ತರ ನೀರು ಬಂದಿತ್ತೆಂದು ಗೊತ್ತಿದ್ದವನು ಪಂಚಾಂಗವನ್ನು ಅದಕ್ಕಿಂತ ಒಂದು ಕಲ್ಲು ಮೇಲೆ ಏರಿಸುತ್ತಾನೆ. ಗೊತ್ತಿಲ್ಲದವನು ಪಕ್ಕದ ಮನೆಯ ಎತ್ತರ ನೋಡಿ ಕಟ್ಟುತ್ತಾನೆ. ಕರೆಂಟಿನ ಮೀಟರ್ ಬೋರ್ಡು, ಫ್ರಿಜ್ಜಿನ ಪ್ಲಗ್ಗು, ಇನ್‌ವರ್ಟರ್ ಎಲ್ಲ ಎದೆಮಟ್ಟಕ್ಕೆ ಏರಿದರೆ ಸಾಮಾನಿನ ಅರ್ಧ ನಷ್ಟ ತಪ್ಪುತ್ತದೆ. ಹಳೆಯ ಮನೆಗಳಲ್ಲಿ ಅಕ್ಕಿಮುಡಿ ಇಡಲು ಅಟ್ಟವಿತ್ತು. ತಾರಸಿ ಮನೆ ಬಂದಾಗ ಅಟ್ಟ ಹೋಯಿತು, ಎಷ್ಟೋ ಮನೆಗಳಲ್ಲಿ ತಾರಸಿಗೆ ಹತ್ತುವ ಮೆಟ್ಟಿಲೂ ಒಳಗಿನಿಂದಿಲ್ಲ. ಹೊಳೆಬದಿಯ ಪಂಪನ್ನು ತೆಗೆಯುವುದು, ಗ್ಯಾಸ್ ಸಿಲಿಂಡರನ್ನು ಕಟ್ಟಿಡುವುದು, ಪಹಣಿ, ಆಧಾರ್, ಪಾಸ್‌ಬುಕ್ಕುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗೆಟುಕುವಲ್ಲಿಡುವುದು, ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕದೆ ನೀರು ಕುಡಿಯದಿರುವುದು, ಕೆಸರಿಗಿಳಿದವರಿಗೆ ಇಲಿಜ್ವರದ ಮಾತ್ರೆಯನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯುವುದು: ಇವೆಲ್ಲ ಗೊತ್ತಿರುವ ಮಾತುಗಳೇ. ಗೊತ್ತಿದ್ದೂ ನಡೆಯದಿರುವುದು ಯಾವ ಮಟ್ಟಕ್ಕೆ ಯಾವ ಕೆಲಸ ಎಂಬ ಗೆರೆ ಇಲ್ಲದ್ದರಿಂದ. ಏಳು ಮೀಟರಿಗೆ ಪಂಪು, ಎಂಟಕ್ಕೆ ದನ, ಎಂಟೂವರೆಗೆ ವಯಸ್ಸಾದವರು ಎಂದು ಮನೆಮನೆಗೂ ಅದರದೇ ಗೆರೆ ಇದ್ದರೆ ಯಾರೂ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಷ್ಟೆಲ್ಲ ಯಾಕೆ, ಗಟ್ಟಿಯಾದ ತಡೆಗೋಡೆ ಕಟ್ಟಿದರಾಯಿತಲ್ಲ ಎಂಬುದು. ದಡ ಕೊರೆದು ಮನೆ ಹೊಳೆಗೆ ಬೀಳುವಂತಿರುವ ಕಡೆ ತಡೆಗೋಡೆ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಮಣ್ಣು ಕೊರೆಯದಂತೆ ತಡೆಯುವ ಗೋಡೆ ನೀರು ಏರದಂತೆ ತಡೆಯುವುದಿಲ್ಲ. ಒಂದು ದಡದಲ್ಲಿ ಎತ್ತರದ ಗೋಡೆ ಎದ್ದರೆ ಹರಿವಿನ ಜಾಗ ಕಿರಿದಾಗಿ ಎದುರು ದಡ ಏಟು ತಿನ್ನುತ್ತದೆ. ಗೋಡೆಯ ಹಿಂದಿನ ಪೇಟೆಯ ತೋಡು, ಚರಂಡಿಗಳ ನೀರು ಹೊಳೆಗೆ ಇಳಿಯಲಾಗದೆ ಒಳಗೇ ನಿಲ್ಲುತ್ತದೆ. ಶತಮಾನಗಳಿಂದ ಒಡ್ಡು ಕಟ್ಟಿಯೇ ಬದುಕಿದ ನೆದರ್ಲೆಂಡ್ಸ್ ದೇಶ 1990ರ ದಶಕದ ನದಿ ನೆರೆಗಳ ನಂತರ ಒಡ್ಡುಗಳನ್ನು ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಡುವ ಯೋಜನೆ ಕೈಗೊಂಡಿತು. ಗೋಡೆ ಕಟ್ಟುವುದರಲ್ಲಿ ಅವರಿಗಿಂತ ನಾವು ಜಾಣರೆಂದು ನಂಬಲು ಕಾರಣ ಕಾಣದು. ಅಸ್ಸಾಮಿನ ಮಿಸಿಂಗ್ ಜನ ಕಂಬಗಳ ಮೇಲೆ ಮನೆ ಕಟ್ಟಿ ಕೆಳಗೆ ನೀರಿಗೆ ದಾರಿ ಬಿಟ್ಟಿದ್ದಾರೆ. ಕರಾವಳಿಯ ಹಿಂದಿನ ಕ್ರಮವೂ ಗೋಡೆಯದ್ದಲ್ಲ: ತಗ್ಗಿನ ಬೈಲಿನಲ್ಲಿ ಗದ್ದೆ, ನಡುವೆ ಮಜಲು, ಮನೆ ಮೇಲಂಚಿನಲ್ಲಿ. ನೆರೆ ಬಂದರೆ ಬೈಲು ಮುಳುಗುತ್ತಿತ್ತು, ಒಂದು ಬೆಳೆ ಹೋಗುತ್ತಿತ್ತು, ಮನೆ ನಿಲ್ಲುತ್ತಿತ್ತು. ಬೈಲು ತುಂಬಿಸಿ ಸೈಟು ಮಾಡಿದ ಮೇಲೆ ಮುಳುಗಲು ಉಳಿದದ್ದು ಮನೆಯೇ.

ಎರಡನೆಯದು ಅಣೆಕಟ್ಟುಗಳ ಮೇಲಿನ ಸಿಟ್ಟು. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟು, ಅದರ ಮೇಲೆ ಶಂಭೂರಿನ ವಿದ್ಯುತ್ ಯೋಜನೆಯ ಅಣೆಕಟ್ಟು ಇವುಗಳಿಂದಲೇ ನೆರೆ ಬರುತ್ತದೆಂಬ ಮಾತು ಪ್ರತಿ ಮಳೆಗಾಲದಲ್ಲೂ ಏಳುತ್ತದೆ. 1923 ಮತ್ತು 1974ರಲ್ಲಿ ಇವು ಯಾವುವೂ ಇರಲಿಲ್ಲವೆಂಬುದನ್ನು ಮರೆಯಬಾರದು. ಮಳೆಗಾಲದಲ್ಲಿ ಬಾಗಿಲು ತೆರೆದಿರುವ ಕಿಂಡಿ ಅಣೆಕಟ್ಟು ಮಹಾನೆರೆಯನ್ನು ಹುಟ್ಟಿಸಲಾರದು, ತಡೆಯಲೂ ಆರದು. ಅಷ್ಟು ನೀರು ಹಿಡಿದಿಡುವ ಹೊಟ್ಟೆ ಅದಕ್ಕಿಲ್ಲ. ಹಾಗೆಂದು ಜನರ ಸಂಶಯ ಪೂರ್ತಿ ಸುಳ್ಳೂ ಅಲ್ಲ. ಬಾಗಿಲು ಯಾವಾಗ, ಎಷ್ಟು ತೆರೆಯಿತೆಂದು ಗಂಟೆಗಂಟೆಗೆ ಹೇಳುವವರಿಲ್ಲದಿದ್ದರೆ ಸಂಶಯಕ್ಕೆ ಜಾಗ ಸಿಕ್ಕೇ ಸಿಗುತ್ತದೆ. ಹಲಗೆ ತೆಗೆಯಲು ತಡವಾದ ಸಣ್ಣ ಕಿಂಡಿ ಅಣೆಕಟ್ಟುಗಳು ಬೆಳ್ತಂಗಡಿಯಂಥ ಕಡೆ ದಿಮ್ಮಿಗಳನ್ನು ಹಿಡಿದು ನಿಜಕ್ಕೂ ಹಾನಿ ಮಾಡುತ್ತವೆ. ಇದರ ಜೊತೆಗೇ ಕೇಳಿಬರುವ ಇನ್ನೊಂದು ಮಾತು, ಎತ್ತಿನಹೊಳೆಯಿಂದ ಹೆಚ್ಚಾದ ನೀರನ್ನು ಬಯಲುಸೀಮೆಗೆ ಒಯ್ದರೆ ನೆರೆಯೂ ಕಡಿಮೆಯಾಗುತ್ತದೆ ಎಂಬುದು. ಆ ಯೋಜನೆ ಎತ್ತುವುದು ಸಕಲೇಶಪುರದ ಕಡೆ ಗುಂಡ್ಯಕ್ಕೆ ಸೇರುವ ಹಳ್ಳಗಳ ನೀರನ್ನು. ಮಿತ್ತಬಾಗಿಲಿಗೆ, ಚಾರ್ಮಾಡಿಗೆ ಬರುವ ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮೂರನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಮುಳುಗುವ ಜಾಗದಲ್ಲಿ ಮನೆಯನ್ನು ಭದ್ರ ಮಾಡುವುದು ಯಾಕೆ, ಜನರನ್ನೇ ಮೇಲಕ್ಕೆ ಕಳಿಸಬಾರದೇ? ಕಾಗದದ ಮೇಲೆ ಇದೇ ಸರಿ. ನೆರೆ ಹರಡುವ ಜಾಗವನ್ನು ಗುರುತಿಸಿ ಕಟ್ಟಡಗಳಿಗೆ ಕಡಿವಾಣ ಹಾಕುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾನೂನು ಮಾಡಿದವು. ಆ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ಇತ್ತ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಹಕ್ಕುಪತ್ರ ಕೊಡುತ್ತಿದ್ದೇವೆ. ಬಡವರಿಗೆ ನೆಲದ ಹಕ್ಕು ಸಿಗಬೇಕಾದದ್ದೇ. ಆದರೆ ಹಕ್ಕುಪತ್ರ ಕೊಡುವಾಗ ಆ ಜಾಗಕ್ಕೆ ಎಷ್ಟು ನೀರು ಬರುತ್ತದೆ, ಹಿಂದಿನ ಬರೆ ಎಷ್ಟು ಎತ್ತರವಿದೆ ಎಂದು ಒಂದು ಸಾಲು ಬರೆಯದಿರುವುದು ಅವರಿಗೆ ಮಾಡುವ ಉಪಕಾರವಲ್ಲ. ಇನ್ನು ಮೇಲಕ್ಕೆ ಕಳಿಸುವುದೆಂದರೆ ಎಲ್ಲಿಗೆ? ಹೊಳೆಬದಿಯಿಂದ ಎಬ್ಬಿಸಿ ಗುಡ್ಡ ಕಡಿದು 5 ಸೆಂಟ್ಸ್ ಕಾಲನಿ ಮಾಡಿದರೆ ನೀರಿನ ಭಯ ಹೋಗಿ ಮಣ್ಣಿನ ಭಯ ಬರುತ್ತದೆ. ಬೀಡಿ ಕಟ್ಟುವವರು, ಕೂಲಿಗೆ ಹೋಗುವವರು ಪೇಟೆಯಿಂದ ಆರು ಮೈಲಿ ದೂರ ಹೋಗಿ ಬದುಕುವುದು ಹೇಗೆಂದು ಯಾರೂ ಕೇಳುವುದಿಲ್ಲ. ಹಾಗಾಗಿ ಘಟ್ಟದ ಬುಡದಲ್ಲಿ, ಕಲ್ಲು ಮಣ್ಣು ಇಳಿಯುವ ದಾರಿಯಲ್ಲಿರುವ ಮನೆಗಳನ್ನು ಸ್ಥಳಾಂತರಿಸಲೇಬೇಕು; ಅಲ್ಲಿ ಪಂಚಾಂಗ ಏರಿಸಿ ಪ್ರಯೋಜನವಿಲ್ಲ. ಬಂಟ್ವಾಳದಂಥ ಕಡೆ ಈಗಿರುವವರು ಇರಲಿ, ಹೊಸದಾಗಿ ತಗ್ಗಿನಲ್ಲಿ ಕಟ್ಟಲು ಪರವಾನಗಿ ಬೇಡ. ಎರಡಕ್ಕೂ ಒಂದೇ ಆದೇಶ ಹೊರಡಿಸುವುದು ಆಡಳಿತಕ್ಕೆ ಸುಲಭ, ಜನರಿಗೆ ಕಷ್ಟ.

ಎಚ್ಚರಿಕೆ ಕೊಟ್ಟರೂ ಜನ ಏಳುವುದಿಲ್ಲವೆಂಬುದು ಅಧಿಕಾರಿಗಳ ದೂರು. ಅದರಲ್ಲಿ ಹುರುಳಿದೆ, ಆದರೆ ತಪ್ಪು ಯಾರದು? ಇಪ್ಪತ್ನಾಲ್ಕು ಗಂಟೆಯಲ್ಲಿ 204.4 ಮಿಲಿಮೀಟರ್ ಮೀರುವ ಮಳೆಯ ಸಂಭವವಿದ್ದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ, ಅದೂ ಇಡೀ ಜಿಲ್ಲೆಗೆ. ಸಸಿಹಿತ್ಲಿನ ಕಡಲತೀರಕ್ಕೂ ದಿಡುಪೆಯ ಕಾಡಿಗೂ ಒಂದೇ ಬಣ್ಣ. ನಮ್ಮ ಜಿಲ್ಲೆಯಲ್ಲಿ ಆ ಬಣ್ಣಕ್ಕೆ ಈಗ ಉಳಿದಿರುವ ಅರ್ಥ ನಾಳೆ ಶಾಲೆಗೆ ರಜೆ ಎಂದಷ್ಟೇ. ತನ್ನ ಮನೆಗೆ ಸಂಬಂಧಿಸದ ಎಚ್ಚರಿಕೆಯನ್ನು ಹತ್ತು ಸಲ ಕೇಳಿದವನು ಹನ್ನೊಂದನೆಯದಕ್ಕೆ ಏಳದಿದ್ದರೆ ಬೈಯುವುದು ಕಷ್ಟ. ಇದರ ಮೇಲೆ ಪಂಚಾಂಗವೂ ತಪ್ಪುತ್ತಿದೆ, ಇದು ಗೋಡೆಮೇಲಿನ ಪಂಚಾಂಗ: 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ತಿಂಗಳು ಮುಗಿಯುವ ಮೊದಲೇ ಜಿಲ್ಲೆಯಲ್ಲಿ ಗುಡ್ಡ ಜರಿತಗಳಾದವು. ಜೂನ್ ಮೊದಲ ವಾರದಲ್ಲಿ ಸಭೆ ಸೇರಿ ತೋಡಿನ ಹೂಳೆತ್ತುವ ಬಗ್ಗೆ ಚರ್ಚಿಸುವ ನಮ್ಮ ರೂಢಿಗೆ ಇನ್ನು ಬೆಲೆಯಿಲ್ಲ. ಹೂಳೆತ್ತುವುದು, ಕಿಂಡಿ ಹಲಗೆ ತೆಗೆಯುವುದು, ಕಾಳಜಿ ಕೇಂದ್ರದ ಕೀಲಿಕೈ ಯಾರ ಬಳಿಯೆಂದು ಗೊತ್ತುಮಾಡುವುದು ಏಪ್ರಿಲಿನ ಕೆಲಸಗಳು.

ದುಡ್ಡಿಲ್ಲ ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಯೊಂದಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ತುರ್ತು ಖರ್ಚಿಗೆ 10 ಸಾವಿರ. ವಿಪತ್ತು ನಿಧಿಯ ಆಗಿನ ನಿಯಮದ ಪ್ರಕಾರ ಬಯಲು ಪ್ರದೇಶದ ಮನೆಗೆ ಸಿಗುತ್ತಿದ್ದುದು 95,100 ರೂಪಾಯಿ ಮಾತ್ರ, ಆದ್ದರಿಂದ ರಾಜ್ಯ ಕೊಟ್ಟದ್ದು ಉದಾರವೇ. ಬಿದ್ದ ಒಂದು ಮನೆಗೆ ಕೊಡುವ ಆ ದುಡ್ಡಿನಲ್ಲಿ ಒಂದು ಗ್ರಾಮ ಪಂಚಾಯತಿನ ಸೇತುವೆಗಳಿಗೆಲ್ಲ ಮಟ್ಟದ ಗೆರೆ ಎಳೆಸಿ, ಹೊಳೆಬದಿಯ ಮನೆಗಳಿಗೆ ಗುರುತು ಹಾಕಿಸಿ, ಮಳೆಮಾಪಕ ಇಟ್ಟು, ಹಗ್ಗ, ಟಾರ್ಚು, ಟ್ಯೂಬು ಕೊಂಡರೂ ಮಿಕ್ಕುತ್ತದೆ. ಕೈಗಳಿಗಂತೂ ಬರವಿಲ್ಲ. ಗೂಡಿನಬಳಿಯ ಈಜುಗಾರರು ಯಾರಾದರೂ ಕರೆಯುವ ಮೊದಲೇ ಹೊಳೆಗಿಳಿಯುತ್ತಾರೆ. ಉಜಿರೆಯ 'ಬದುಕು ಕಟ್ಟೋಣ ಬನ್ನಿ' ತಂಡ ಕೊಳಂಬೆಯಲ್ಲಿ ಮರಳು ತುಂಬಿದ ತೋಟ ಗದ್ದೆಗಳನ್ನು ಹಸನು ಮಾಡಿ ಮನೆಗಳನ್ನು ಕಟ್ಟಿಕೊಟ್ಟಿತು. ನೆರೆ ಬಂದ ಮೇಲೆ ಹೀಗೆ ಒಂದಾಗುವ ಸೀಮೆಗೆ ನೆರೆ ಬರುವ ಮೊದಲು ಒಂದು ಭಾನುವಾರ ಒಂದಾಗುವುದು ಕಷ್ಟವೇನಲ್ಲ. ಹೊಳೆಬದಿಯಲ್ಲಿ ಮನೆಯಿರುವವರು ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಬೇಕು. 2019ರ ನೀರು ಮುಟ್ಟಿದ ಗೆರೆಯನ್ನು ಊರಿನ ಶಾಲೆಯ ಗೋಡೆಯಲ್ಲಿ, ಸೇತುವೆಯ ಕಂಬದಲ್ಲಿ, ತಮ್ಮ ಮನೆಯ ಜಗಲಿಯಲ್ಲಿ ಪಂಚಾಯತಿನ ಖರ್ಚಿನಲ್ಲಿ ಬರೆಸಬೇಕೆಂದು ಕೇಳಿ, ಅದು ನಡಾವಳಿಯಲ್ಲಿ ದಾಖಲಾಗುವವರೆಗೆ ಎದ್ದು ಬರಬಾರದು.